ಎಷ್ಟು ದಿನದಿಂದ ಹೀಗಿದೆ?

ಜೂನ್ ೩

ಪ್ರೀತಿಯ ಗೂಬೆ,

‘ನೋವಿಗೆ ಮಾತು ಬಾರದು, ಬಳಿ ಕೂತವರೇ...’ ಎಂದು ಒಂದು ಸಾಲು. ಮುಂದಿನದು ಬೆಳಗಿನಿಂದ ನೆನಪಾಗುತ್ತಿಲ್ಲ. ಬಳಿ ಕೂತವರೇ ಮಾತಾಡಬೇಕು ಎಂದಿತ್ತೋ, ಬಳಿ ಕೂತವರೇ ಸುಮ್ಮನಿರಬೇಕು ಎಂದಿತ್ತೋ? ಎಂ.ಎ. ಓದುವಾಗ ಯಾರದೋ ನೋಟ್ಸಿನ ಕೊನೆಯ ಹಾಳೆಯಲ್ಲಿ ಕಂಡದ್ದು. ಬರೆದವರು ಯಾರೆಂದು ಆಗಲೂ ಗೊತ್ತಿರಲಿಲ್ಲ. ಎರಡೂ ಸರಿಯೆನಿಸುತ್ತದೆ, ಅದಕ್ಕೇ ಎರಡರ ಮೇಲೂ ಅನುಮಾನ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳಿಗೆ ಇಂಥದ್ದಲ್ಲದೆ ಇನ್ನೇನು ಹೊಳೆದೀತು ಹೇಳು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಬರೀ ‘ಹ್ಞೂಂ’ ಎನ್ನುತ್ತೀಯ, ಆ ಹ್ಞೂಂನಲ್ಲಿ ನನ್ನ ಅರ್ಧ ಮಾತು ಬಿದ್ದುಹೋಗುತ್ತದೆ. ಹಾಸ್ಟೆಲಿನ ದಿನಗಳ ಹಾಗೆ ಬರೆಯುವುದೇ ವಾಸಿ.

ನಿನ್ನ ಭಾವನಿಗೆ ಹುಷಾರಿಲ್ಲ. ಈ ಬೇಸಿಗೆಯಿಂದ. ಕೆಟ್ಟ ಲಿಫ್ಟು ರಿಪೇರಿ ಮಾಡುವವನು ಮೆಟ್ಟಿಲು ಹತ್ತಿಯೇ ಮೇಲಕ್ಕೆ ಹೋಗಬೇಕು, ಅದೇ ತನ್ನ ಕಸುಬಿನ ತಮಾಷೆ ಎಂದು ಅವರು ಹೇಳುತ್ತಿದ್ದರಲ್ಲ. ಸ್ಪಾನರಿನ ಚೀಲ ಹೆಗಲಿಗೇರಿಸಿ ಶಿಳ್ಳೆ ಹಾಕುತ್ತಾ ಹತ್ತುತ್ತಿದ್ದವರು ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಟ್ಟರು. ಆಮೇಲೆ ಮೊದಲನೆಯದರಲ್ಲೇ. ಈಗ ಮಲಗಿದರೂ ಏದುಸಿರು. ನಾಲ್ಕು ದಿಂಬು ಒರಗಿಸಿ ಕೂತೇ ನಿದ್ದೆ. ಹೃದಯದ ಸ್ಕ್ಯಾನು, ಎಕೋ ಮಾಡಿಸಿದೆವು. ಹೃದಯದ ಕವಾಟವನ್ನು ಹಿಡಿದಿಡುವ ದಾರಗಳಿರುತ್ತವಂತೆ, ಅದರಲ್ಲೊಂದು ಹರಿದಿದೆ. ಆಪರೇಷನ್ನೇ ದಾರಿ ಎಂದರು. ‘ಹಗ್ಗ ಹರಿದ ಮೇಲೆ ಕ್ಯಾಬಿನ್ ಒಳಗೆ ಯಾರನ್ನೂ ಕೂರಿಸಬಾರದು’ ಎಂದು ಇವರು ಡಾಕ್ಟರಿಗೇ ಪಾಠ ಹೇಳಿದರು.

ಒಂದು ನಗುವ ವಿಷಯ. ರೋಗದ ಚರಿತ್ರೆ ಬರೆದುಕೊಳ್ಳಲು ಬಂದವಳು ಎಳೆಯ ಡಾಕ್ಟರು, ಕಣ್ಣಲ್ಲಿ ನಿದ್ದೆ. ‘ಎಷ್ಟು ದಿನದಿಂದ ಹೀಗಿದೆ?’ ಎಂದಳು. ನನ್ನ ಬಾಯಿಂದ ಥಟ್ಟನೆ ಬಂತು: ‘ಮೂರು ವರ್ಷದಿಂದ ಒದ್ದಾಡ್ತಾ ಇದಾರೆ ಡಾಕ್ಟ್ರೇ.’ ಅಮ್ಮನ ಲೆಕ್ಕ! ನೆನಪಿದೆಯಾ? ನಿನಗೆ ನಿನ್ನೆ ಜ್ವರ ಬಂದಿದ್ದರೆ ಅಮ್ಮ ‘ವಾರದಿಂದ ಸುಡ್ತಾ ಇದೆ’ ಎನ್ನುತ್ತಿದ್ದಳು. ‘ಒಂದಕ್ಕೆ ಮೂರು ಹೇಳ್ಬೇಕು ಕಣೇ, ಅವರು ಅರ್ಧ ಕಳೆದೇ ಕೇಳಿಸ್ಕೊಳ್ಳೋದು’ ಎಂದು ನನಗೆ ಕಣ್ಣು ಹೊಡೆಯುತ್ತಿದ್ದಳು. ಹೊರಗೆ ಬಂದ ಮೇಲೆ ನಿನ್ನ ಭಾವ, ‘ಮೂರು ವರ್ಷದಿಂದ ದಮ್ಮು ಇದ್ದಿದ್ರೆ ಹೋದ ವರ್ಷ ನಿನ್ನ ಪುಸ್ತಕದ ಬೀರು ಮೇಲಕ್ಕೆ ಹೊತ್ತಿದ್ದು ಯಾರು, ನಿಮ್ಮಪ್ಪನಾ?’ ಎಂದರು. ನಕ್ಕರೆ ಕೆಮ್ಮು ಬರುತ್ತದೆ, ಆದರೂ ನಕ್ಕರು.

ಆಪರೇಷನ್ನಿನ ಖರ್ಚಿಗೆ ಅನುಮತಿ ಕೇಳುವ ಕಾಗದ ನಿಮ್ಮ ವಿಮಾ ಕಂಪನಿಗೇ ಬರುತ್ತದೆ. ಹೋದ ವರ್ಷ ಇವರ ಹಳೆಯ ಕೆಲಸ ಹೋದಾಗ ಪಾಲಿಸಿ ಮಾಡಿಸಿಕೊಟ್ಟವನು ನೀನೇ. ನಾನು ಏನೂ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ, ಅಷ್ಟೆ.

ನಮ್ಮ ಲೈಬ್ರರಿಯ ಪೇಪರ್ ಓದುವ ಮೇಜಿನಲ್ಲಿ ದಿನವೂ ನಿಮ್ಮದೇ ಜಗಳ. ಹೊಸ ಮಸೂದೆ ಬಂದರೆ ವಿಮಾ ಕಂಪನಿಗಳು ಕಟ್ಟಿಸಿಕೊಂಡ ಪ್ರೀಮಿಯಂನಲ್ಲಿ ದೊಡ್ಡ ಪಾಲನ್ನು ಚಿಕಿತ್ಸೆಗೇ ಖರ್ಚು ಮಾಡಬೇಕಂತೆ, ಮಿಕ್ಕರೆ ಕಟ್ಟಿದವರಿಗೇ ವಾಪಸಂತೆ. ನಿವೃತ್ತ ಮೇಷ್ಟ್ರು, ‘ಲಾಭ ಬೇಡ ಅಂದ್ರೆ ಕಂಪನಿ ಯಾಕ್ರೀ ನಡೆಸ್ತಾರೆ, ಧರ್ಮಛತ್ರವಾ?’ ಎಂದರೆ, ಪೋಸ್ಟಾಫೀಸಿನಲ್ಲಿದ್ದವರು, ‘ಛತ್ರದವರು ಊಟ ಇಲ್ಲ ಅಂತ ಬಾಗಿಲಲ್ಲೇ ಹೇಳ್ತಾರೆ ಸ್ವಾಮಿ, ಎಲೆ ಹಾಕಿಸಿ ಕೂರಿಸಿ ಎಬ್ಬಿಸಲ್ಲ’ ಎಂದರು. ನಾನು ಮಧ್ಯೆ ನಿಂತು ಶ್‌ ಎನ್ನಬೇಕು.

ನಿನ್ನ ಅಕ್ಕ


ಜೂನ್ ೧೧

ಅಕ್ಕನಿಗೆ,

ಪತ್ರ ತಲುಪಿತು. ಎರಡು ಸಲ ಓದಿದೆ.

ಭಾವನ ವಿಷಯ ಮೊದಲು. ಹರಿದ ದಾರವನ್ನು ಸರಿ ಮಾಡಬಹುದು, ಇಲ್ಲದಿದ್ದರೆ ಕವಾಟವನ್ನೇ ಬದಲಿಸಬಹುದು. ಕೈ ಪಳಗಿದವರಿಗೆ ದೊಡ್ಡ ಮಾತಲ್ಲ. ತಡ ಮಾಡಬಾರದು, ಅಷ್ಟೆ. ಉಪ್ಪು ಕಡಿಮೆ ಮಾಡು. ಕಾಲು ಊದಿದರೆ, ತೂಕ ಇದ್ದಕ್ಕಿದ್ದಂತೆ ಏರಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗು. ನಾಳೆ ಎನ್ನಬೇಡ.

ನಿನ್ನ ಮೇಜಿನ ಪಂಡಿತರಿಗೆ ಇದಿಷ್ಟು ಓದಿ ಹೇಳು. ಪ್ರೀಮಿಯಂ ಎಂದರೆ ಎಲ್ಲರೂ ಹಾಕಿದ ಒಂದು ಹುಂಡಿ. ಅದಕ್ಕೆ ಕಾವಲು ಬೇಕು. ಬರೀ ಹೊಟ್ಟೆಯುಬ್ಬರಕ್ಕೆ ವಾರಗಟ್ಟಲೆ ಮಲಗಿಸಿಕೊಂಡು ಬಿಲ್ಲು ಬರೆಯುವ ಆಸ್ಪತ್ರೆಗಳನ್ನು ನಾನು ದಿನಾ ನೋಡುತ್ತೇನೆ. ಆಸ್ಪತ್ರೆಯಲ್ಲಿ ಬಿಲ್ಲು ಮೂರು ಪಾಲು, ರೋಗಿಯ ಮನೆಯವರ ಬಾಯಲ್ಲಿ ನೋವು ಮೂರು ಪಾಲು. ಎಲ್ಲರೂ ಏರಿಸಿ ಹೇಳುವ ಸಂತೆಯಲ್ಲಿ ಯಾರಾದರೊಬ್ಬ ಇಳಿಸಿ ಕೇಳಬೇಕಲ್ಲ, ಆ ಕೆಲಸ ನನ್ನದು. ಲಾಭ ಬಂದರೆ ತಪ್ಪೇನು? ನಷ್ಟದ ಕಂಪನಿಗೆ ಯಾರ ಆಪರೇಷನ್ನಿಗೂ ಹಣ ಕೊಡಲಾಗುವುದಿಲ್ಲ. ಮಸೂದೆ ಬರೆದವರು ಒಂದು ವಾರ ನನ್ನ ಕುರ್ಚಿಯಲ್ಲಿ ಕೂರಲಿ.

ನಾನು ವಾರ್ಡು ಬಿಟ್ಟು ಇಲ್ಲಿಗೆ ಬಂದಾಗ ನೀನು ‘ಸ್ಟೆತಾಸ್ಕೋಪು ಮಾರಿ ಕ್ಯಾಲ್ಕುಲೇಟರ್ ಕೊಂಡ’ ಎಂದಿದ್ದೆ. ಇರಲಿ. ಇಲ್ಲಿ ಹಗಲು ಕೆಲಸ, ನಿದ್ದೆ ಬರುತ್ತದೆ. ಕಿಟಕಿ ಇಲ್ಲದ ಹಾಲ್, ಎಲ್ಲರ ಕಿವಿಗೂ ಹೆಡ್‌ಫೋನು, ಕುರ್ಚಿಗೆ ಚಕ್ರ. ಹೆಸರಿಲ್ಲದ ಫೈಲುಗಳು ಒಂದರ ಹಿಂದೆ ಒಂದು ಬರುತ್ತವೆ: ವಯಸ್ಸು, ಕಾಯಿಲೆ, ಎಷ್ಟು ದಿನದಿಂದ. ನನ್ನ ಹತ್ತಿರದವರದೆಂದು ಗೊತ್ತಾದರೆ ನಾನು ಮುಟ್ಟುವ ಹಾಗಿಲ್ಲ. ಅದು ನಿಯಮ.

ಅಂದಹಾಗೆ, ಆ ಎಳೆಯ ಡಾಕ್ಟರು ನೀನು ಹೇಳಿದ್ದನ್ನೆಲ್ಲ ಬರೆದುಕೊಂಡಳಾ, ಇಲ್ಲ ಸುಮ್ಮನೆ ತಲೆಯಾಡಿಸಿದಳಾ? ಹೀಗೇ ಕೇಳಿದೆ.

ಭಾವನಿಗೆ ನಮಸ್ಕಾರ.

ನಿನ್ನ ತಮ್ಮ


ಜೂನ್ ೧೬

ಪ್ರೀತಿಯ ಗೂಬೆ,

ನಿನ್ನ ಪತ್ರದ ಕೊನೆಯ ಪ್ರಶ್ನೆ ಓದಿ ಸಮಾಧಾನವಾಯಿತು. ನಮ್ಮನ್ನು ನೋಡುವವರು ಗಮನ ಕೊಡುತ್ತಾರೋ ಇಲ್ಲವೋ ಎಂದು ನಿನಗೂ ಯೋಚನೆ ಇದೆಯಲ್ಲ. ಮಧ್ಯದ ಭಾಷಣಕ್ಕೆ ಬಂದ ಕೋಪ ಅದರಲ್ಲಿ ಇಳಿಯಿತು.

ಬರೆದುಕೊಂಡಳು ಕಣೋ, ಒಂದಕ್ಷರ ಬಿಡದೆ! ಪಾಪದ ಹುಡುಗಿ. ‘ಮೂರು ವರ್ಷದಿಂದಲಾ?’ ಎಂದು ಇನ್ನೊಂದು ಸಲ ಕೇಳಿ, ‘ಇಷ್ಟು ದಿನ ಯಾಕೆ ಸುಮ್ನಿದ್ರಿ ಆಂಟಿ?’ ಎಂದು ನನ್ನನ್ನೇ ಗದರಿದಳು. ಆಮೇಲೆ ದೊಡ್ಡ ಡಾಕ್ಟರ ಬಳಿ ಹೋಗಿ ಅವಳೇ ಒತ್ತಾಯ ಮಾಡಿ ಆಪರೇಷನ್ನಿಗೆ ಬೇಗ ದಿನ ಕೊಡಿಸಿದಳು. ಅಮ್ಮನ ಲೆಕ್ಕ ಕೆಲಸ ಮಾಡಿತು ನೋಡು. ಮುಂದಿನ ತಿಂಗಳ ಮೊದಲ ವಾರ ಆಪರೇಷನ್ ಎಂದಿದ್ದಾರೆ. ಕಂಪನಿಯಿಂದ ಅನುಮತಿ ಬಂದ ಕೂಡಲೇ.

ನಿನ್ನ ಹುಂಡಿಯ ಮಾತನ್ನು ಮೇಜಿನಲ್ಲಿ ಓದಿ ಹೇಳಿದೆ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಪೋಸ್ಟಾಫೀಸಿನವರು ಮಾತ್ರ, ‘ಹುಂಡಿ ನಮ್ಮದು, ಕಾವಲಿನವನ ಸಂಬಳ ನಮ್ಮದು. ಕೈ ಹಾಕಿದ್ರೆ ಕಳ್ಳ ಅನ್ನೋದು ಮಾತ್ರ ನಮ್ಮನ್ನ’ ಎಂದರು. ಇದನ್ನು ನಿನಗೆ ತಿಳಿಸಲೇಬೇಕಂತೆ.

ಇವರು ಮನೆಯಲ್ಲಿದ್ದಾರೆ. ನಿನ್ನೆ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಎದುರಿನ ಕಟ್ಟಡದ ಲಿಫ್ಟು ಎಲ್ಲೋ ಸಿಕ್ಕಿಕೊಂಡು ಗಂಟೆ ಹೊಡೆಯುತ್ತಿತ್ತು. ಕೈ ಎತ್ತಿ ಏಳಲು ಹೋದರು, ಅಭ್ಯಾಸ ಬಲ. ಕಾಲು ನೆಲಕ್ಕೆ ಊರುವ ಮೊದಲೇ ತುಟಿ ನೀಲಿಯಾಯಿತು. ‘ಯಾರಾದ್ರೂ ಹೋಗಿ ಬ್ರೇಕ್ ಬಿಡಿಸ್ರೋ’ ಎಂದು ಕಿಟಕಿಗೇ ಹೇಳಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಅಳುವುದಕ್ಕಲ್ಲ, ಆ ಗಂಟೆ ಕೇಳಿಸದಿರಲೆಂದು.

ಬೇಗ ಬರೆ. ನೀನು ಬರೆದ ದಿನ ಸ್ವಲ್ಪ ನಿದ್ದೆ ಬರುತ್ತದೆ.

ಅಕ್ಕ


ಜುಲೈ ೨

ಡಾಕ್ಟರ್ ಸಾಹೇಬರಿಗೆ,

ನಿಮ್ಮ ಕಂಪನಿಯ ಉತ್ತರ ಬಂದಿದೆ. ನಿಮ್ಮ ಉತ್ತರವಂತೂ ಬರಲಿಲ್ಲ.

‘ರೋಗಿಗೆ ಮೂರು ವರ್ಷದಿಂದ ಉಸಿರಾಟದ ತೊಂದರೆ ಇರುವುದು ಆಸ್ಪತ್ರೆಯ ಕೇಸ್ ಶೀಟಿನಿಂದ ಕಂಡುಬರುತ್ತದೆ. ಪಾಲಿಸಿ ಪಡೆಯುವಾಗ ಈ ಸಂಗತಿಯನ್ನು ಮುಚ್ಚಿಡಲಾಗಿದೆ. ಆದ್ದರಿಂದ ಅನುಮತಿ ನಿರಾಕರಿಸಲಾಗಿದೆ.’ ಇಷ್ಟೇ. ಕೆಳಗೆ ಸಹಿ ಕೂಡ ಇಲ್ಲ. ‘ಕಂಡುಬರುತ್ತದೆ’ ಎಂದರೆ ಯಾರ ಕಣ್ಣಿಗೆ? ಮುಚ್ಚಿಟ್ಟವರು ಯಾರು?

ಕೌಂಟರಿನವನು ಕಾಗದವನ್ನು ಗಾಜಿನ ಕೆಳಗಿಂದ ತಳ್ಳಿದಾಗ ಇವರು ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕೂತಿದ್ದರು. ಓದಿ ಹೇಳು ಎಂದರು. ಹೇಳಿದೆ. ಕಾಗದ ತೆಗೆದುಕೊಂಡು ನಾಲ್ಕಾಗಿ ಮಡಚಿದರು. ಆಮೇಲೆ, ‘ಸರಿ, ಬಾ ಮನೆಗೆ ಹೋಗೋಣ’ ಎಂದರು, ಅಂಗಡಿ ಮುಚ್ಚಿದೆ ನಾಳೆ ಬರೋಣ ಎನ್ನುವ ಹಾಗೆ. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ವರ್ಷ ಎಂದವಳು ನಾನು. ಒಪ್ಪಿದೆ. ಆದರೆ ಅದು ಸುಳ್ಳೆಂದು ಈ ಭೂಮಿಯ ಮೇಲೆ ನಾನು ಕಾಗದದಲ್ಲಿ ಬರೆದು ತಿಳಿಸಿದ್ದು ಒಬ್ಬರಿಗೆ ಮಾತ್ರ. ನಿನಗೆ. ‘ಬರೆದುಕೊಂಡಳಾ’ ಎಂದು ನೀನು ಕೇಳಿದ್ದು ಯಾಕೆಂದು ಈಗ ಗೊತ್ತಾಯಿತು. ಆ ಮಾತೇ ಮುಳುವಾಗುತ್ತದೆಂದು ನಿನಗೆ ಆಗಲೇ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ. ನಾನು ಇಲ್ಲಿ ನಿನ್ನ ಪ್ರಶ್ನೆಗೆ ಕರಗಿಹೋಗಿ ‘ಒಂದಕ್ಷರ ಬಿಡದೆ’ ಎಂದು ಸಂಭ್ರಮದಿಂದ ಬರೆಯುತ್ತಿದ್ದೆ. ಅದನ್ನು ಓದುವಾಗ ನಿನಗೆ ಹೇಗಾಯಿತು? ನಗು ಬಂತಾ?

ಇಂದು ಬೆಳಿಗ್ಗೆ ಆ ಹುಡುಗಿಯ ಬಳಿಗೆ ಹೋದೆ. ‘ಮೂರು ತಿಂಗಳು ಅಂತ ತಿದ್ದಿಬಿಡಮ್ಮಾ’ ಎಂದು ಕೈ ಹಿಡಿದುಕೊಂಡೆ. ಅವಳು ಬೆಚ್ಚಿ ಕೈ ಬಿಡಿಸಿಕೊಂಡಳು. ‘ನೀವೇ ಹೇಳಿದ್ದಲ್ವಾ ಆಂಟಿ? ನಾನು ಎರಡು ಸಲ ಕೇಳ್ದೆ.’ ಕೇಳಿದ್ದಳು.

ಆಪರೇಷನ್ನಿನ ದಿನ ರದ್ದಾಗಿದೆ.


ಜುಲೈ ೭

ಅಕ್ಕಾ,

ನಗು ಬರಲಿಲ್ಲ.

ಹೌದು, ಮೊದಲ ಪತ್ರ ಓದಿದಾಗಲೇ ಗೊತ್ತಾಯಿತು. ಹೇಳಲಿಲ್ಲ, ಏಕೆಂದರೆ ಹೇಳಿದ್ದರೆ ನೀನು ಆ ದಿನವೇ ಓಡಿ ಕೇಸ್ ಶೀಟು ತಿದ್ದಿಸುತ್ತಿದ್ದೆ. ತಿದ್ದಿದ ಶೀಟನ್ನು ನಮ್ಮವರು ಮೋಸ ಎಂದೇ ಓದುತ್ತಾರೆ, ಆಮೇಲೆ ಪಾಲಿಸಿಯೇ ರದ್ದು. ದಯವಿಟ್ಟು ಇನ್ನೊಮ್ಮೆ ಆ ಹುಡುಗಿಯ ಹತ್ತಿರ ಹೋಗಬೇಡ. ಜೊತೆಗೆ ಇನ್ನೊಂದು ಆಸೆಯೂ ಇತ್ತು: ಫೈಲು ನೋಡುವವರು ಎಕೋ ನೋಡುತ್ತಾರೆ ಎಂದು. ದಾರ ಹೀಗೆ ಹರಿದವನು ಮೂರು ವರ್ಷ ಮೆಟ್ಟಿಲು ಹತ್ತಿಕೊಂಡಿರಲಾರ. ಆ ಚಿತ್ರ ನೋಡಿದ ಯಾವ ವೈದ್ಯನಿಗೂ ಇದು ಹೊಸದೆಂದು ಗೊತ್ತಾಗುತ್ತದೆ.

ನೋಡಲಿಲ್ಲ. ಯಾಕೆ ಎಂದು ನಿನಗೆ ಹೇಳಿಬಿಡುತ್ತೇನೆ, ಹುಂಡಿಯ ಭಾಷಣದಲ್ಲಿ ಬಿಟ್ಟಿದ್ದು ಇದನ್ನೇ. ಫೈಲು ನಮ್ಮ ಮುಂದೆ ಬರುವ ಮೊದಲೇ ಕಂಪ್ಯೂಟರು ಅದರೊಳಗೆ ‘ವರ್ಷದಿಂದ’ ಎಂಬ ಮಾತು ಎಲ್ಲಿದೆಯೆಂದು ಹುಡುಕಿ ಕೆಂಪು ಬಳಿದಿರುತ್ತದೆ. ಕೆಂಪು ಇದ್ದ ಫೈಲನ್ನು ನಿರಾಕರಿಸಲು ಒಂದು ಗುಂಡಿ ಒತ್ತಿದರೆ ಸಾಕು. ಒಪ್ಪಬೇಕಾದರೆ ಕಾರಣ ಬರೆಯಬೇಕು, ಮೇಲಿನವರು ಫೋನ್ ಮಾಡಿದಾಗ ಉತ್ತರ ಹೇಳಬೇಕು. ಯಾರೂ ನಮಗೆ ‘ನಿರಾಕರಿಸಿ’ ಎಂದು ಹೇಳುವುದಿಲ್ಲ ಅಕ್ಕಾ. ಒಪ್ಪುವ ದಾರಿಯಲ್ಲಿ ಒಂದಿಷ್ಟು ಮುಳ್ಳು ಹರಡಿಟ್ಟಿದ್ದಾರೆ, ಅಷ್ಟೆ. ಸಂಜೆಯೊಳಗೆ ಮುಗಿಸಬೇಕಾದವನು ಮುಳ್ಳಿಲ್ಲದ ಕಡೆ ಕಾಲಿಡುತ್ತಾನೆ. ನಾನೂ ಇಟ್ಟಿದ್ದೇನೆ.

ಭಾವನ ಫೈಲು ನನ್ನ ಪಕ್ಕದ ಮೇಜಿಗೆ ಬಂತು. ವಯಸ್ಸು ನೋಡಿದೆ, ‘ಲಿಫ್ಟ್ ಮೆಕ್ಯಾನಿಕ್’ ನೋಡಿದೆ. ಎದ್ದುಹೋಗಿ ಮೇಲಿನವರಿಗೆ ನನ್ನ ಸಂಬಂಧ ತಿಳಿಸಿದೆ, ನಿಯಮ ಅದು. ವಾಪಸು ಬರುವಷ್ಟರಲ್ಲಿ ಪಕ್ಕದವನು ಗುಂಡಿ ಒತ್ತಿ ಮುಂದಿನ ಫೈಲಿಗೆ ಹೋಗಿದ್ದ. ಒಳ್ಳೆಯವನು, ಮಗಳ ಫೋಟೋ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ. ‘ಏನ್ ಸಾರ್, ಟೀಗೆ ಬರ್ತೀರಾ?’ ಎಂದ. ಹೋದೆ. ಅಷ್ಟು ದಿನ ನಿನಗೆ ಬರೆಯದೇ ಇದ್ದುದಕ್ಕೆ ಕಾರಣ ಆ ಟೀ.

ಮೇಲ್ಮನವಿ ಹಾಕು. ಎಕೋ ಮಾಡಿದ ದೊಡ್ಡ ಡಾಕ್ಟರಿಂದ ‘ಇದು ಇತ್ತೀಚಿನದು’ ಎಂದು ಬರೆಸಿ ಲಗತ್ತಿಸು. ಮಸೂದೆಯ ಬಗ್ಗೆ ಶಾಸಕರ ಸಮಿತಿ ವಿಚಾರಣೆ ನಡೆಸುತ್ತಿದೆ. ಕಂಪನಿಯ ಪರವಾಗಿ ಮಾತಾಡಲು ನನ್ನನ್ನು ಕಳಿಸುತ್ತಿದ್ದಾರೆ. ವಾರ್ಡಿನಲ್ಲಿ ಕೆಲಸ ಮಾಡಿದ ಡಾಕ್ಟರು ಎಂದರೆ ಕೇಳುವವರು ನಂಬುತ್ತಾರಂತೆ. ಹದಿನೆಂಟಕ್ಕೆ.

ಭಾವ ಹೇಗಿದ್ದಾರೆ? ಅದನ್ನು ಬರೆ. ಬೈದಾದರೂ ಬರೆ.


ಜುಲೈ ೧೩

ನೀನು ಕೇಳಿದ್ದಕ್ಕೆ ಉತ್ತರ: ಕಾಲು ಊದಿದೆ. ಎರಡು ದಿನ ತುರ್ತು ವಾರ್ಡಿನಲ್ಲಿ ಇಟ್ಟು ನೀರು ಇಳಿಸಿ ಕಳಿಸಿದರು. ಮತ್ತೆ ಹೀಗಾದರೆ ಆಪರೇಷನ್ನಿಗೂ ತಡೆದುಕೊಳ್ಳುವ ಶಕ್ತಿ ಇರಲಾರದು ಎಂದು ದೊಡ್ಡ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು ಹೇಳಿದರು. ಅವರು ಬರೆದುಕೊಟ್ಟ ಕಾಗದ ಲಗತ್ತಿಸಿ ಮೇಲ್ಮನವಿ ಹಾಕಿದ್ದೇನೆ. ಮನೆಯನ್ನು ಅಡ ಇಡುವ ಮಾತೆತ್ತಿದರೆ ಇವರು ಮುಖ ತಿರುಗಿಸುತ್ತಾರೆ. ‘ನಾನು ಹೋದ್ರೆ ನೀನು ಫುಟ್‌ಪಾತಲ್ಲಿ ಕೂತು ಕವಿತೆ ಓದ್ತೀಯಾ?’

ನಿನ್ನ ಪತ್ರ ಇವರಿಗೆ ಓದಿ ಹೇಳಿದೆ. ಮುಳ್ಳಿನ ಮಾತು ಕೇಳಿ ತಲೆಯಾಡಿಸಿದರು. ‘ನಮ್ಮಲ್ಲೂ ಹಾಗೇ ಕಣೇ. ಲಿಫ್ಟು ನಿಲ್ಲಿಸಬೇಕು ಅಂದ್ರೆ ಮೂರು ಕಡೆ ಸಹಿ, ಓಡಿಸೋಕೆ ಬರೀ ಗುಂಡಿ. ಆದ್ರೆ ನಾವು ಹಗ್ಗ ನೋಡದೇ ಓಡಿಸಲ್ಲ’ ಎಂದರು. ನಿನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸುತ್ತದೆ.

ನನಗೆ ಅರ್ಥವಾಗದ್ದು ಇದು. ಆ ಹಾಲಿನಲ್ಲಿ ಯಾರೂ ಕೆಟ್ಟವರಲ್ಲ, ಪಕ್ಕದವನು ಮಗಳ ಫೋಟೋ ಇಟ್ಟುಕೊಂಡಿದ್ದಾನೆ, ನೀನು ನಿಯಮ ಪಾಲಿಸುತ್ತೀಯ, ಎಲ್ಲರೂ ಸೇರಿ ಟೀ ಕುಡಿಯುತ್ತೀರಿ. ಹಾಗಾದರೆ ಇವರ ತುಟಿ ನೀಲಿಯಾಗುತ್ತಿರುವುದು ಯಾರಿಂದ? ನನ್ನಿಂದ ಎಂದು ನಿನ್ನ ಕಂಪನಿ ಬರೆದಿದೆ. ಅರ್ಧ ದಿನ ನಾನೂ ಹಾಗೇ ಅಂದುಕೊಳ್ಳುತ್ತೇನೆ. ಇನ್ನರ್ಧ ದಿನ, ಒಬ್ಬಳು ಹೆಂಡತಿ ಗಾಬರಿಯಲ್ಲಿ ಆಡಿದ ಮಾತಿನ ಮೇಲೆ ಇಷ್ಟು ದೊಡ್ಡ ಲಾಭ ಕಟ್ಟಬಹುದಾ ಎಂದು ಬೆರಗಾಗಿ ಕೂರುತ್ತೇನೆ.

ಹೋಗು, ಹದಿನೆಂಟಕ್ಕೆ ಕಂಪನಿಯ ಪರವಾಗಿ ಚೆನ್ನಾಗಿ ಮಾತಾಡು. ಮೇಷ್ಟ್ರಿಗೆ ಪೇಪರ್ ಎತ್ತಿಡುತ್ತೇನೆ.


ಜುಲೈ ೨೪

ಅಕ್ಕಾ,

ಪೇಪರಿನಲ್ಲಿ ಓದಿರುತ್ತೀಯ. ಅವರು ಎರಡು ಸಾಲಿನಲ್ಲಿ ಮುಗಿಸಿದ್ದಾರೆ, ಆದ್ದರಿಂದ ಹೇಳುತ್ತೇನೆ.

ಸಮಿತಿಯ ಮುಂದೆ, ಕಂಪನಿ ಬರೆದುಕೊಟ್ಟ ಹಾಳೆಗಳನ್ನು ಮೊದಲು ಓದಿದೆ. ಪ್ರೀಮಿಯಂ ಏರುತ್ತದೆ, ಸುಳ್ಳು ಕ್ಲೇಮು ಹೆಚ್ಚುತ್ತದೆ, ಸಣ್ಣ ಕಂಪನಿಗಳು ಮುಚ್ಚುತ್ತವೆ. ಅದರಲ್ಲಿ ಕೆಲವು ನಿಜವೂ ಹೌದು, ನಾನು ಈಗಲೂ ಹಾಗೇ ಹೇಳುತ್ತೇನೆ. ಆಮೇಲೆ ಹಾಳೆ ಮಡಚಿ, ಇನ್ನೊಂದು ವಿಷಯ ಹೇಳಬೇಕು ಎಂದೆ. ರೋಗಿಯ ಮನೆಯವರು ಬಾಯಿಮಾತಿನಲ್ಲಿ ಹೇಳಿದ ಕಾಲವನ್ನು ಮಾತ್ರ ಹಿಡಿದು, ತಪಾಸಣೆಯ ವರದಿ ನೋಡದೆ ನಿರಾಕರಿಸುವುದನ್ನು ನಿಲ್ಲಿಸಬೇಕು. ನಿರಾಕರಿಸಿದ್ದನ್ನು ಹೊರಗಿನ ವೈದ್ಯರೊಬ್ಬರು ನೋಡಬೇಕು ಎಂದೆ. ಕೆಂಪಿನ ವಿಷಯ ಹೇಳಿದೆ. ಗುಂಡಿಯ ವಿಷಯ ಹೇಳಿದೆ.

ಅಧ್ಯಕ್ಷೆ ಕನ್ನಡಕ ಇಳಿಸಿ ನೋಡಿದರು. ‘ಡಾಕ್ಟ್ರೇ, ನೀವು ಕಂಪನಿ ಪರವಾಗಿ ಬಂದಿದೀರೋ, ವಿರುದ್ಧವಾಗಿ ಬಂದಿದೀರೋ?’

‘ನಮ್ಮಮ್ಮನ ಪರವಾಗಿ ಮೇಡಂ’ ಎಂದೆ. ಯಾಕೆ ಹಾಗೆಂದೆನೋ. ಎಲ್ಲರೂ ನಕ್ಕರು. ಒಂದಕ್ಕೆ ಮೂರರ ಲೆಕ್ಕ ಹೇಳಿದಾಗ ಇನ್ನೂ ನಕ್ಕರು. ಅಷ್ಟರಲ್ಲಿ ಕೊನೆಯ ಸಾಲಿನ ಸದಸ್ಯರೊಬ್ಬರು, ‘ನಮ್ಮಮ್ಮನೂ ಹಂಗೇ ಕಣ್ರೀ’ ಎಂದು ಮೈಕಿನಲ್ಲೇ ಹೇಳಿಬಿಟ್ಟರು. ಆಮೇಲೆ ಯಾರೂ ನಗಲಿಲ್ಲ.

ಈಗ ಮುಖ್ಯ ಮಾತು. ಕಂಪನಿಗೆ ಮುಜುಗರವಾಗಿದೆ. ತಾವು ನ್ಯಾಯವಂತರೆಂದು ತೋರಿಸಲು ವಿವಾದದ ಕೆಲವು ಫೈಲುಗಳನ್ನು ಮತ್ತೆ ತೆರೆದಿದ್ದಾರೆ. ಭಾವನದೂ ಅದರಲ್ಲಿದೆ. ನಾನು ಕೇಳಿ ಮಾಡಿಸಿದ್ದಲ್ಲ, ನಿನ್ನ ಮೇಲ್ಮನವಿಯಿಂದ. ದೊಡ್ಡ ಡಾಕ್ಟರ ಕಾಗದ ಬಲವಾಗಿದೆ. ಇನ್ನು ಒಂದೇ ಮೆಟ್ಟಿಲು: ತನಿಖೆಗೆ ಒಬ್ಬರು ಮನೆಗೆ ಬರುತ್ತಾರೆ. ನಿನ್ನನ್ನು ಕೇಳುತ್ತಾರೆ, ಅಕ್ಕಪಕ್ಕದವರನ್ನೂ ಕೇಳುತ್ತಾರೆ. ಅವರು ಬರೆದುಕೊಟ್ಟದ್ದೇ ಕೊನೆ, ಅದರ ಮೇಲೆ ಕಂಪನಿಯಲ್ಲಿ ಅಪೀಲಿಲ್ಲ.

ಅಕ್ಕಾ, ಕೈ ಮುಗಿದು ಹೇಳುತ್ತೇನೆ. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳು. ನೆರೆಯವರಿಗೆ ಏನೂ ಹೇಳಿಕೊಡಬೇಡ, ಒಂದು ಮಾತೂ ಬೇಡ. ‘ಅವರು ಮೊದಲೇ ಬಂದು ಹೀಗೆ ಹೇಳಿ ಅಂದ್ರು’ ಎಂದು ಯಾರಾದರೂ ಬಾಯಿ ಬಿಟ್ಟರೆ ಅಲ್ಲಿಗೆ ಮುಗಿಯಿತು. ಹೇಳಿಕೊಡುವ ಅಗತ್ಯವೂ ಇಲ್ಲ. ಹೋದ ವರ್ಷ ಬೀರು ಹೊತ್ತವರನ್ನು ಆ ಕಟ್ಟಡದವರೆಲ್ಲ ನೋಡಿದ್ದಾರೆ. ಈ ಒಂದು ಸಲ ನಿಜ ನಮ್ಮ ಕಡೆಗಿದೆ, ಅದರ ಪಾಡಿಗೆ ಅದನ್ನು ಬಿಡು.

ಇನ್ನು ಮೇಲೆ ಆಫೀಸಿಗೆ ಬೇಡ, ಮನೆ ವಿಳಾಸಕ್ಕೆ ಬರೆ.

ಗೂಬೆ


ಆಗಸ್ಟ್ ೧

ಪ್ರೀತಿಯ ಗೂಬೆ,

ಮನೆ ವಿಳಾಸಕ್ಕೆ ಬರೆ ಎಂದರೆ ಏನು ಎಂದು ಕೇಳುವುದಿಲ್ಲ. ಕೇಳಿದರೆ ನೀನು ‘ಹ್ಞೂಂ’ ಎನ್ನುತ್ತೀಯ. ಪೇಪರಿನ ಆ ಎರಡು ಸಾಲನ್ನು ಪೋಸ್ಟಾಫೀಸಿನವರು ಮೇಜಿನವರಿಗೆಲ್ಲ ಓದಿ ಹೇಳಿದರು. ಮೇಷ್ಟ್ರು ತಲೆ ತಗ್ಗಿಸಿ, ‘ನಿಮ್ಮ ತಮ್ಮನಾ?’ ಎಂದರು. ಹೌದು ನನ್ನ ತಮ್ಮ ಎಂದೆ. ಬಹಳ ದಿನಗಳ ಮೇಲೆ ಆ ಮಾತನ್ನು ಗಟ್ಟಿಯಾಗಿ ಹೇಳಿದೆ.

ಇವರು ಹಾಗೇ ಇದ್ದಾರೆ. ಕೆಳಗೆ ಜಾರಿಲ್ಲ, ಮೇಲೆ ಬಂದಿಲ್ಲ. ‘ಎರಡು ಮಹಡಿ ಮಧ್ಯೆ ನಿಂತಿದೀನಿ, ಬಾಗಿಲು ತೆಗೀಬೇಡಿ’ ಎನ್ನುತ್ತಾರೆ. ಶಿಳ್ಳೆ ಹಾಕಲು ಹೋಗಿ ನಿನ್ನೆ ಕೈಬಿಟ್ಟರು.

ತನಿಖೆಯವರು ಇಂದು ಬಂದಿದ್ದರು. ನಡುವಯಸ್ಸಿನ ಮನುಷ್ಯ, ಸಭ್ಯ. ಚಪ್ಪಲಿ ಹೊರಗೇ ಬಿಟ್ಟು ಬಂದರು. ನೀನು ಹೇಳಿದ ಹಾಗೇ ಮಾಡಿದೆ. ಬೇಸಿಗೆಯಿಂದ ಶುರುವಾಯಿತು, ಬೇಗ ನೋಡಲೆಂದು ನಾನು ಏರಿಸಿ ಹೇಳಿದೆ ಎಂದೆ. ಅವರು ಮುಖ ನೋಡದೆ ಬರೆದುಕೊಂಡರು. ‘ಎಲ್ಲರೂ ಆಮೇಲೆ ಹೀಗೇ ಹೇಳ್ತಾರಮ್ಮ, ನಾನು ನಿಮ್ಮೊಬ್ಬರದನ್ನೇ ಹಿಡಿಯೋ ಹಾಗಿಲ್ಲ. ಹೊರಗಿನವರು ಏನಂತಾರೆ ನೋಡೋಣ’ ಎಂದು ಎದ್ದರು.

ಹೊರಗಿನವರು ಎಂದರೆ ಎದುರು ಬಾಗಿಲಿನ ಟೈಲರಮ್ಮ. ಈ ಮಹಡಿಯಲ್ಲಿ ಹಗಲು ಮನೆಯಲ್ಲಿರುವವರು ಅವರೊಬ್ಬರೇ. ನಾವು ಈ ಮನೆಗೆ ಬಂದ ಐದಾರು ವರ್ಷದಿಂದ ಪರಿಚಯ. ಅವರ ಹೊಲಿಗೆ ಮಿಷನ್ನು ಕೆಟ್ಟಾಗಲೆಲ್ಲ ಇವರೇ ಹೋಗಿ ಸರಿ ಮಾಡಿ, ಕಾಸು ಮುಟ್ಟದೆ ಬರುತ್ತಿದ್ದರು. ಹೋದ ತಿಂಗಳು ನಾವು ಆಸ್ಪತ್ರೆಯಿಂದ ಬಂದ ದಿನ ಅವರು ನಮ್ಮ ಬಾಗಿಲಲ್ಲಿ ನಿಂತು ಅತ್ತಿದ್ದರು. ಮೊದಲೇ ಹೋಗಿ ಒಂದು ಮಾತು ಹೇಳಿಬಿಡಲೇ ಎಂದು ಈ ವಾರವೆಲ್ಲ ನನ್ನ ಕಾಲು ಅವರ ಹೊಸ್ತಿಲವರೆಗೂ ಹೋಗಿ ತಿರುಗಿದೆ. ನಿನ್ನ ಪತ್ರ ನೆನೆದು ತಡೆದುಕೊಂಡೆ.

ನಾನು ನಮ್ಮ ಬಾಗಿಲ ಹಿಂದೆ ನಿಂತೆ. ಮಿಷನ್ನಿನ ಸದ್ದು ನಿಂತದ್ದು ಕೇಳಿಸಿತು. ಆಮೇಲೆ ಬರೀ ಗುಜುಗುಜು. ಇವರು ಒಳಗಿನಿಂದ, ‘ಏನಂತೆ?’ ಎಂದರು. ಶ್‌ ಎಂದೆ, ಲೈಬ್ರರಿಯಲ್ಲಿ ಅನ್ನುವ ಹಾಗೆ. ತನಿಖೆಯವರ ಚಪ್ಪಲಿ ಮೆಟ್ಟಿಲಿಳಿದು ಹೋದ ಸದ್ದು. ಎರಡು ನಿಮಿಷವೂ ಆಗಿರಲಿಲ್ಲ, ಯಾರೋ ನಮ್ಮ ಬಾಗಿಲು ಬಡಿದರು. ತೆಗೆದರೆ ಟೈಲರಮ್ಮ. ಕೊರಳಲ್ಲಿ ಅಳತೆಯ ಟೇಪು, ಸೀರೆಯ ಮೇಲೆ ದಾರದ ಚೂರುಗಳು, ಮುಖದಲ್ಲಿ ಏನೋ ಗೆದ್ದು ಬಂದವರ ಬೆಳಕು. ನನ್ನ ಎರಡೂ ಕೈ ಹಿಡಿದುಕೊಂಡರು.

‘ಇನ್ಶೂರೆನ್ಸ್‌ನವರಂತೆ, ಬಂದಿದ್ರು. ನೀವು ಒಂದಿಷ್ಟೂ ಯೋಚನೆ ಮಾಡ್ಬೇಡಿ ಅಕ್ಕಾ, ನಾನು ಗಟ್ಟಿಯಾಗೇ ಹೇಳಿ ಕಳಿಸಿದೀನಿ. ಅಯ್ಯೋ ಸ್ವಾಮಿ, ಅವರು ಈ ಮನೆಗೆ ಬಂದಾಗಿಂದ ನೋಡ್ತಿದೀನಿ, ಒಂದು ದಿನ ನೆಟ್ಟಗೆ ಉಸಿರಾಡಿದ್ದು ಕಾಣೆ, ಎಷ್ಟು ವರ್ಷದಿಂದ ನರಳ್ತಾ ಇದಾರೆ ಪಾಪ ಅಂದೆ. ಒಂದೂ ಬಿಡದೇ ಬರ್ಕೊಂಡ್ರು. ಇಷ್ಟು ಕೇಳಿದ ಮೇಲೂ ದುಡ್ಡು ಕೊಡದೇ ಇರ್ತಾರಾ?’